ಕಲ್ಯಾಣಪ್ಪ ಎತ್ತಿ ನೋಡದ ಸೀಟು

ಹಳೆಯ ಕಾರು ನೋಡಲು ಹೊರಟ ದಿನ ಕಲ್ಯಾಣಪ್ಪ ನೀರಿನ ಬಾಟಲಿಯನ್ನು ಮನೆಯಿಂದಲೇ ಒಯ್ಯುತ್ತಾರೆ. ಮಾರುವವರು ಚಹಾ ತಂದರೆ ಶುಗರ್ ಇದೆ ಎನ್ನುತ್ತಾರೆ. ಸಕ್ಕರೆ ಹಾಕದೆ ಮಾಡಿಸುತ್ತೇವೆ ಎಂದರೆ ಅಸಿಡಿಟಿ ಎನ್ನುತ್ತಾರೆ. ಎರಡೂ ಅವರಿಗಿಲ್ಲ. ಅರವತ್ತೈದನೆಯ ವಯಸ್ಸಿನಲ್ಲಿಯೂ ಕಾರಿನ ಕೆಳಗೆ ಅಂಗಾತ ಸರಿದುಹೋಗಿ, ಯಾರ ಕೈಯೂ ಹಿಡಿಯದೆ ಎದ್ದು ಬರುವ ಆಳು. ಒಬ್ಬರ ಮನೆಯ ಚಹಾ ಕುಡಿದ ಮೇಲೆ ಅವರ ಕಾರಿನಲ್ಲಿ ತಪ್ಪು ಹುಡುಕುವಾಗ ಕೈ ಸಡಿಲಾಗುತ್ತದೆ ಎಂಬುದು ಅವರ ಲೆಕ್ಕಾಚಾರ.

ಹುಮನಾಬಾದಿನಿಂದ ಹತ್ತೊಂಬತ್ತನೆಯ ವಯಸ್ಸಿಗೆ ಹೈದರಾಬಾದಿಗೆ ಬಂದವರು. ಮರುವರ್ಷ ಬಸ್ ಡಿಪೋ ಒಂದರ ವರ್ಕ್‌ಶಾಪಿಗೆ ಸೇರಿ ಮೂವತ್ತೈದು ವರ್ಷ ಮೆಕ್ಯಾನಿಕ್ ಆಗಿ ದುಡಿದರು. ನಿವೃತ್ತಿಯಾದ ಮೇಲೆ ಕಾಚಿಗೂಡದ ಸ್ಟೇಷನ್ನಿನ ಹಿಂದಿನ ಓಣಿಯ ಅದೇ ಎರಡು ಕೋಣೆಯ ಮನೆಯಲ್ಲಿದ್ದುಕೊಂಡು, ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರ ಪರವಾಗಿ ಕಾರು ನೋಡಿಕೊಡುವ ಕೆಲಸ ಹಿಡಿದಿದ್ದಾರೆ. ಹತ್ತು ವರ್ಷವಾಯಿತು. ಬೋರ್ಡಿಲ್ಲ, ಜಾಹೀರಾತಿಲ್ಲ. ಊರಿನ ಕನ್ನಡದ ಮನೆಗಳಲ್ಲಿ ಬಾಯಿಂದ ಬಾಯಿಗೆ ಅವರ ಫೋನ್ ನಂಬರು ಹೋಗುತ್ತದೆ. ಕೊಂಡಾಪುರದ ಕಂಪನಿಗಳ ಹುಡುಗರು ಕರೆಯುತ್ತಾರೆ. ಗಲ್ಫ್ ದೇಶಗಳಲ್ಲಿ ದುಡಿಯುತ್ತ, ತಿಂಗಳ ರಜೆಯಲ್ಲಿ ಬಂದು ಮನೆಯವರಿಗೆ ಕಾರು ಕೊಡಿಸಿ ಹೋಗುವವರು ಇನ್ನೂ ಹೆಚ್ಚು ಕರೆಯುತ್ತಾರೆ. ಅವರಿಗೆ ಹುಡುಕಾಡಲು ದಿನಗಳಿರುವುದಿಲ್ಲ. ಮೋಸ ಹೋದರೆ ಜಗಳವಾಡಲು ಊರಿನಲ್ಲಿ ಇರುವುದೂ ಇಲ್ಲ. ಮಾರುವವರಿಗೆ ಇದು ಗೊತ್ತು.

ಎರಡು ಸಾವಿರದ ಇಪ್ಪತ್ತರ ಅಕ್ಟೋಬರಿನಲ್ಲಿ ಹೈದರಾಬಾದನ್ನು ಮುಳುಗಿಸಿದ ಮಳೆ ಕಲ್ಯಾಣಪ್ಪನವರ ಕೆಲಸವನ್ನು ಬದಲಾಯಿಸಿತು. ಅಪಾರ್ಟ್‌ಮೆಂಟುಗಳ ಸೆಲ್ಲಾರಿನಲ್ಲಿ, ಅಂದರೆ ನೆಲಮಾಳಿಗೆಯಲ್ಲಿ, ನಿಂತಿದ್ದ ಕಾರುಗಳು ಕಿಟಕಿಯವರೆಗೆ ಮುಳುಗಿದವು. ನೀರಿಳಿದ ಮೇಲೆ ಅವುಗಳಲ್ಲಿ ಎಷ್ಟು ಗುಜರಿಗೆ ಹೋದವು, ಎಷ್ಟು ತೊಳೆದು ಒಣಗಿಸಿ ಪಾಲಿಶ್ ಹಚ್ಚಿಸಿಕೊಂಡು ಮತ್ತೆ ರಸ್ತೆಗೆ ಬಂದವು, ಯಾರೂ ಹೇಳಲಾರರು. ಮುಳುಗಿದ ಕಾರು ತಿಂಗಳೊಪ್ಪತ್ತು ಚೆನ್ನಾಗಿಯೇ ಓಡುತ್ತದೆ, ವರ್ಷಗಟ್ಟಲೆ ಓಡಿದ್ದೂ ಉಂಟು. ಆಮೇಲೆ ಒಂದು ದಿನ ಯಾವುದೋ ವೈರು, ಯಾವುದೋ ಸ್ಪ್ರಿಂಗು ಕೈಕೊಡುತ್ತದೆ. ಅದು ಮನೆಯ ಮುಂದೆಯೇ ಕೈಕೊಡಬೇಕೆಂದೇನೂ ಇಲ್ಲ.

ಹಾಗಾಗಿ ಕಲ್ಯಾಣಪ್ಪ ಮೊದಲು ನೋಡುವುದು ಎಂಜಿನ್ ಅಲ್ಲ. ಕಾರಿನ ಬಾಗಿಲು ತೆಗೆದು ತಲೆ ಒಳಗಿಟ್ಟು ಕಣ್ಣು ಮುಚ್ಚಿ ವಾಸನೆ ಹಿಡಿಯುತ್ತಾರೆ. ಸೆಂಟು ಹೊಡೆದಿದ್ದರೆ ಏಕೆ ಹೊಡೆದಿದ್ದಾರೆ ಎಂದು ಕೇಳಿಕೊಳ್ಳುತ್ತಾರೆ. ಸೀಟ್ ಬೆಲ್ಟನ್ನು ಇನ್ನು ಬರುವುದೇ ಇಲ್ಲ ಎನ್ನುವವರೆಗೆ ಹೊರಗೆಳೆಯುತ್ತಾರೆ. ತೊಳೆಯುವವರು ಬೆಲ್ಟಿನ ಕಾಣುವ ಭಾಗವನ್ನು ತೊಳೆಯುತ್ತಾರೆ, ಸುರುಳಿಯೊಳಗಿನ ಕೊನೆಯ ಮೊಳದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಬೋಲ್ಟು, ಸ್ಟೆಪ್ನಿ ಇಡುವ ಗುಂಡಿ, ಫ್ಯೂಸಿನ ಡಬ್ಬಿ, ಹೀಗೆ ಹನ್ನೊಂದು ಬಾಬತ್ತು. ಡಿಪೋದಲ್ಲಿದ್ದಾಗಿನ ರೂಢಿಯಂತೆ ಕಾರಿಗೊಂದು ಹಾಳೆ, ಹನ್ನೊಂದು ಸಾಲು, ಕೆಳಗೆ ಸಹಿ. ಹಾಳೆ ತುಂಬುವುದು ಮಾತ್ರ ಸಂಜೆ ಮನೆಗೆ ಬಂದು, ಕೈ ತೊಳೆದ ಮೇಲೆ.

ದೀಪ್ತಿ ಕಲ್ಯಾಣಪ್ಪನವರಿಗೆ ಫೋನ್ ಮಾಡಿದ್ದು ಹೋದ ವರ್ಷದ ಜುಲೈನಲ್ಲಿ. ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್, ಅಲ್ಲಿಗೆ ಹೋಗಿ ಒಂಬತ್ತು ವರ್ಷ. ತಂಗಿ ಹರ್ಷದಾ ಕೊಂಡಾಪುರದಲ್ಲಿದ್ದಾರೆ. ಶಂಶಾಬಾದ್ ಕಡೆಯ ಒಂದು ಲ್ಯಾಬಿನಲ್ಲಿ ಕೆಲಸ, ನಾಲ್ಕು ವರ್ಷದ ಮಗಳು ನಿರೀಕ್ಷಾ. ಲ್ಯಾಬಿನ ಪಕ್ಕದ ಶಾಲೆಗೇ ಮಗುವನ್ನು ಸೇರಿಸಿದ್ದರು. ಇಬ್ಬರೂ ದಿನವೂ ಸಿಕ್ಕ ಟ್ಯಾಕ್ಸಿ ಹಿಡಿದು ಔಟರ್ ರಿಂಗ್ ರೋಡಿನಲ್ಲಿ ಹೋಗಿ ಬರುತ್ತಿದ್ದರು. ಒಮ್ಮೆ ಚಾಲಕ ನೂರಿಪ್ಪತ್ತರ ವೇಗದಲ್ಲಿ ಫೋನಿನಲ್ಲಿ ವಿಡಿಯೋ ನೋಡುತ್ತಿದ್ದನೆಂದು ತಂಗಿ ಹೇಳಿದ ದಿನವೇ ದೀಪ್ತಿ ಕಾರು ಕೊಡಿಸುವ ನಿರ್ಧಾರ ಮಾಡಿದ್ದರು. ಮಗುವನ್ನು ಕೂರಿಸುವ ಸೀಟನ್ನು ಮಸ್ಕತ್ತಿನಿಂದಲೇ ಲಗೇಜಿನಲ್ಲಿ ಹಾಕಿಕೊಂಡು ಬಂದಿದ್ದರು. ಹಿಂದಿನ ಸೀಟಿನ ಮೇಲಿಟ್ಟು ಕಾರಿನ ಬೆಲ್ಟಿನಿಂದಲೇ ಬಿಗಿಯುವಂಥದ್ದು. ಸೀಟು ಬಂದಿತ್ತು, ಕಾರು ಬರಬೇಕಾಗಿತ್ತು.

ದೀಪ್ತಿ ಸುಲಭವಾಗಿ ನಂಬುವವರಲ್ಲ, ಅದಕ್ಕೆ ಕಾರಣವೂ ಇತ್ತು. ಮಸ್ಕತ್ತಿಗೆ ಹೋದ ಎರಡನೇ ವರ್ಷ, ಕೆಲಸ ಬಿಟ್ಟು ಊರಿಗೆ ಮರಳುತ್ತಿದ್ದ ಸಹೋದ್ಯೋಗಿಯೊಬ್ಬರಿಂದ ಕಾರು ಕೊಂಡಿದ್ದರು. ದೇಶ ಬಿಡುವವರು ಅವಸರದಲ್ಲಿರುತ್ತಾರೆ, ಕೊಳ್ಳುವವರಿಗೂ ಅಗ್ಗದ ಆಸೆ. ಟೈರುಗಳು ಹೊಸದರಂತೆ ಹಲ್ಲು ತುಂಬಿಕೊಂಡಿದ್ದವು. ಮೂರನೇ ವಾರ ಮರುಭೂಮಿಯ ಹೆದ್ದಾರಿಯಲ್ಲಿ ಒಂದು ಸಿಡಿಯಿತು. ಕಾರು ಮೂರು ಸುತ್ತು ತಿರುಗಿ ಮರಳಿಗೆ ಇಳಿದು ನಿಂತಿತು. ಟೈರು ಸವೆದಿರಲಿಲ್ಲ, ಆದರೆ ಬಿಸಿಲಲ್ಲಿ ನಿಂತೇ ಎಂಟು ವರ್ಷ ಹಳೆಯದಾಗಿತ್ತು. ಅಂದಿನಿಂದ ಯಾವ ಕಾರು ಕಂಡರೂ ದೀಪ್ತಿ ಬಗ್ಗಿ ಟೈರಿನ ಪಕ್ಕದ ಮೇಲಿರುವ ನಾಲ್ಕು ಅಂಕಿ ಓದುತ್ತಾರೆ. ಮೊದಲೆರಡು ಅದು ತಯಾರಾದ ವಾರ, ಕೊನೆಯೆರಡು ವರ್ಷ. ಕಲ್ಯಾಣಪ್ಪ ಇದನ್ನು ನೋಡಿದ್ದೇ ಈಕೆ ಕೆಲಸ ಗೊತ್ತಿದ್ದವಳು ಎಂದುಕೊಂಡರು.

ಮೊದಲ ದಿನವೇ ದೀಪ್ತಿ ಇನ್ನೊಂದನ್ನೂ ಕೇಳಿದ್ದರು.

"ಮಾರೋರ ಕಡಿಂದ ನಿಮಗೇನರ ಸಿಗ್ತದೇನ್ರಿ ಕಾಕಾ?"

"ಏನೂ ಸಿಗಂಗಿಲ್ರಿ. ಒಂಬತ್ತು ವರ್ಷದಾಗ ಇದನ್ನ ಮಾರಿ ಮ್ಯಾಲ ಕೇಳಿದವ್ರು ನೀವ ಮೊದಲ್ನೇದವ್ರು. ಉಳಿದವ್ರು ಬೆನ್ನ ಹಿಂದ ಕೇಳ್ತಾರ."

ಎರಡು ವಾರದಲ್ಲಿ ಐದು ಕಾರು ನೋಡಿದರು. ಐದನ್ನೂ ಕಲ್ಯಾಣಪ್ಪ ಬೇಡವೆಂದರು. ಒಂದರ ಮುಂಭಾಗ ಒಡೆದು ಕೂಡಿಸಿದ್ದು, ಇನ್ನೊಂದರ ಮೀಟರು ಹಿಂದೆ ತಿರುಗಿಸಿದ್ದು, ಮೂರನೆಯದರ ಸ್ಟೆಪ್ನಿ ಗುಂಡಿಯಲ್ಲಿ ಮರಳು. ಐದನೆಯದನ್ನು ಬಿಟ್ಟು ಬರುವಾಗ ದೀಪ್ತಿಗೆ ಬೇರೆ ಅನುಮಾನ ಹುಟ್ಟಿತ್ತು. ಎಲ್ಲವನ್ನೂ ಬೇಡವೆಂದು ಬೇಸರ ಹಿಡಿಸಿ, ಕೊನೆಗೆ ರಜೆ ಮುಗಿಯುವಾಗ ತಮ್ಮದೇ ಗುರುತಿನ ಒಂದು ಕಾರಿನ ಮುಂದೆ ತಂದು ನಿಲ್ಲಿಸುತ್ತಾರೇನೋ ಈ ಮನುಷ್ಯ ಎಂದು. ಅದನ್ನು ತಂಗಿಗೆ ಹೇಳಿದರು. ಹರ್ಷದಾ, ಹಾಗಾದರೆ ಆರನೆಯದನ್ನು ನಾವೇ ಹುಡುಕೋಣ ಎಂದು ಇಂಟರ್‌ನೆಟ್ಟಿನಲ್ಲಿ ಜಾಹೀರಾತುಗಳನ್ನು ನೋಡಿ ಒಂದು ಬಿಳಿ ಕಾರು ಆರಿಸಿದರು. ಎರಡು ಸಾವಿರದ ಹದಿನೆಂಟರದು, ಒಬ್ಬರೇ ಮಾಲೀಕರು, ಬೀದರದ ನಂಬರು. ಮಾರುವವರು ಬರ್ಕತ್‌ಪುರದ ಚೇತನಕುಮಾರ, ತೊಗರಿಬೇಳೆಯ ವ್ಯಾಪಾರಿ.

ಶುಕ್ರವಾರ ಬೆಳಿಗ್ಗೆ ನೋಡುವುದೆಂದಾಯಿತು. ವಿದೇಶದಲ್ಲಿರುವಾಗಲೇ ದೀಪ್ತಿಯವರ ಇಲ್ಲಿನ ಲೈಸೆನ್ಸು ತೀರಿಹೋಗಿತ್ತು. ಅದರ ನವೀಕರಣಕ್ಕೆ ಸಾರಿಗೆ ಕಚೇರಿ ಕೊಟ್ಟಿದ್ದ ಸಮಯವೂ ಅದೇ ಬೆಳಿಗ್ಗೆ. ಮುಂದಿನ ಬುಧವಾರ ವಿಮಾನ. ಕಲ್ಯಾಣಪ್ಪ ಒಬ್ಬರೇ ಹೋದರು.

ಚೇತನಕುಮಾರ ಗೇಟಿನ ಬಳಿಯೇ ಕಾಯುತ್ತಿದ್ದರು. ನಲವತ್ತರ ಆಸುಪಾಸು, ಹಣೆಯ ಮೇಲೆ ವಿಭೂತಿ, ಮಾತು ಮೆತ್ತಗೆ. ಬಂದವರು ಹುಮನಾಬಾದಿನವರೆಂದು ತಿಳಿದದ್ದೇ ಒಳಗೆ ಕೂಗಿ ತಾಯಿಗೆ ಹೇಳಿದರು. ತಾಯಿ ಶರಣಬಸಮ್ಮ ಎಪ್ಪತ್ತೈದು ದಾಟಿದವರು, ಕೋಲು ಹಿಡಿದು ಬಾಗಿಲಿಗೆ ಬಂದರು. ಅವರ ತವರು ಚಿಟಗುಪ್ಪ. ಹುಮನಾಬಾದಿನ ಯಾವ ಓಣಿ, ಯಾರ ಪೈಕಿ, ತಾಯಿಯ ಕಡೆಯವರು ಯಾರು ಎಂದು ಒಂದೊಂದೇ ಕೇಳುತ್ತ ಹೋದಂತೆ, ಕಲ್ಯಾಣಪ್ಪನವರ ಸೋದರತ್ತೆಯನ್ನು ತಮ್ಮ ಚಿಕ್ಕಪ್ಪನ ಮನೆಗೆ ಕೊಟ್ಟಿತ್ತು ಎಂಬಲ್ಲಿಗೆ ಬಂದು ನಿಂತರು. ಅಷ್ಟರಲ್ಲಿ ಒಳಗೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಗಿತ್ತು.

ಕಲ್ಯಾಣಪ್ಪ ಮೊದಲು ಶುಗರ್ ಎಂದರು, ಆಮೇಲೆ ಅಸಿಡಿಟಿ ಎಂದರು.

"ಜ್ವಾಳದ ರೊಟ್ಟಿಗೆ ಎಲ್ಲೀ ಅಸಿಡಿಟಿ ಅಪಾ," ಎಂದರು ಶರಣಬಸಮ್ಮ. "ನಿಮ್ಮ ಅತ್ತಿ ನಮ್ಮ ಮನ್ಯಾಗ ಉಂಡಾಳ. ನೀ ಏನು ಆಕಿಗಿಂತ ದೊಡ್ಡಾವೇನು? ಕುಂದ್ರು."

ಅವರು ಕುಳಿತರು. ಬಿಸಿ ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಮೇಲೆ ಗಟ್ಟಿ ಮೊಸರು. ಒಂಬತ್ತು ವರ್ಷದಲ್ಲಿ ಮಾರುವವರ ಮನೆಯಲ್ಲಿ ಅದು ಅವರ ಮೊದಲ ಊಟ. ಹೊರಗೆ ತೆಲುಗು, ಅಂಗಡಿಯಲ್ಲಿ ಹಿಂದಿ, ಮನೆಯೊಳಗೆ ಹೆಂಡತಿಯೊಡನೆ, ಮತ್ತೆ ಕೆಲಸಕ್ಕೆ ಕರೆದವರೊಡನೆ ಮಾತ್ರ ಕನ್ನಡವಾಡುವವರಿಗೆ, ತಮ್ಮ ಊರಿನ ಓಣಿಗಳ ಹೆಸರನ್ನು ಬೇರೊಬ್ಬರ ಬಾಯಲ್ಲಿ ಕೇಳಿ ಎಷ್ಟೋ ದಿನವಾಗಿತ್ತು.

ಊಟದ ಮೇಲೆ ಕಾರು ನೋಡಿದರು. ಅಂಗಳದಲ್ಲಿ ನೆರಳಿಗೆ ನಿಲ್ಲಿಸಿದ್ದರು. ಎಂಜಿನ್ನಿನ ಸದ್ದು ಸಮನಾಗಿತ್ತು. ಟೈರುಗಳ ಅಂಕಿ ಇತ್ತೀಚಿನವು. ಒಳಗೆ ಊದಿನಕಡ್ಡಿಯ ವಾಸನೆ. ಡ್ಯಾಶ್‌ಬೋರ್ಡಿನ ಮೇಲೆ ಬಸವಣ್ಣನ ಚಿತ್ರವಿತ್ತು, ಹಾಗಾಗಿ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಚಾಲಕನ ಬೆಲ್ಟನ್ನು ಕೊನೆಯವರೆಗೆ ಎಳೆದರು, ಶುದ್ಧವಾಗಿತ್ತು. ಹಿಂದಿನ ಬಾಗಿಲಿಗೆ ಬರುವಷ್ಟರಲ್ಲಿ ಶರಣಬಸಮ್ಮ ಕೋಲೂರುತ್ತ ಬಂದು, ಮಗ ಹಿಡಿದ ಬಾಗಿಲಿನಿಂದ ಒಳಹತ್ತಿ, ಹಿಂದಿನ ಸೀಟಿನ ನಡುವೆ ಕುಳಿತರು. ಮೊಣಕಾಲು ನೋವು, ಮೆತ್ತನೆಯ ಸೀಟೆಂದರೆ ಅವ್ವನಿಗೆ ಹಿತ, ದಿನಾ ಸ್ವಲ್ಪ ಹೊತ್ತು ಇಲ್ಲಿಯೇ ಕೂರುತ್ತಾಳೆ ಎಂದರು ಚೇತನಕುಮಾರ. ಅವ್ವ ಚಿಟಗುಪ್ಪದ ಮಾತು ಮುಂದುವರಿಸಿದರು.

ಆ ಸೀಟು ಎತ್ತಿ ನೋಡಬೇಕಿತ್ತು. ಎರಡೂ ಬದಿಯ ಬೆಲ್ಟು ಎಳೆಯಬೇಕಿತ್ತು. ಈಗಷ್ಟೇ ಕೈಯಾರೆ ಮೊಸರು ಬಡಿಸಿದ, ಅತ್ತೆಯ ಬಳಗದ ಮುದುಕಿಗೆ ಕೆಳಗಿಳಿಯಿರಿ ಎನ್ನಲು ಕಲ್ಯಾಣಪ್ಪನವರಿಗೆ ಬಾಯಿ ಬರಲಿಲ್ಲ. ಅವರನ್ನು ಕೂರಿಸಿಕೊಂಡೇ ನಾರಾಯಣಗೂಡದವರೆಗೆ ಓಡಿಸಿ ನೋಡಿ ಬಂದರು. ಬ್ರೇಕು ಚೆನ್ನಾಗಿತ್ತು. ಗೇಟಿನ ಹೊರಗೆ ನಿಂತು ದೀಪ್ತಿಗೆ ಫೋನ್ ಮಾಡಿ, ತೊಗೋರಿ ಎಂದರು. ಸೋಮವಾರ ಒಳ್ಳೆಯ ದಿನ, ಅಂದೇ ಕಾಗದ ಮಾಡಿಸುವುದೆಂದು ಚೇತನಕುಮಾರರ ಜತೆ ಮಾತಾಯಿತು.

ಸಂಜೆ ಹಾಳೆ ತುಂಬಲು ಕುಳಿತಾಗ ಎಂಟು ಸಾಲಿನವರೆಗೆ ಪೆನ್ನು ನಿಲ್ಲಲಿಲ್ಲ. ಒಂಬತ್ತನೆಯದು ಹಿಂದಿನ ಸೀಟು ಮತ್ತು ಬೆಲ್ಟು. ಕಲ್ಯಾಣಪ್ಪ ಪೆನ್ನು ಕೆಳಗಿಟ್ಟರು.

ಹೆಂಡತಿ ಸುಮತಿಗೆ ನಡೆದದ್ದನ್ನು ಹೇಳಿದರು. ಕಾಲುನೋವಿನ ಮುದುಕಿ ಎಲ್ಲಿ ಮೆತ್ತಗಿದೆಯೋ ಅಲ್ಲಿ ಕೂತಿರಬೇಕು, ಅದರಲ್ಲೇನು ಎಂದರು ಸುಮತಿ. ಸ್ವಲ್ಪ ಹೊತ್ತಾದ ಮೇಲೆ ಅವರೇ, ನೀವು ಹೊರಡುವ ಮೊದಲು ಆಕೆ ಕೆಳಗಿಳಿದಳೇನು ಎಂದು ಕೇಳಿದರು. ಇಳಿದಿರಲಿಲ್ಲ.

ಒಂದು ಎಳೆ ಸಡಿಲಾದ ಮೇಲೆ ಉಳಿದವೂ ಬಿಚ್ಚತೊಡಗಿದವು. ಊದಿನಕಡ್ಡಿ ಹಚ್ಚುವವರು ಮನೆಯ ಜಗುಲಿಯ ಮೇಲೆ ಹಚ್ಚುತ್ತಾರೆ, ಕಿಟಕಿ ಏರಿಸಿದ ಕಾರಿನೊಳಗೆ ಯಾರು ಹಚ್ಚುತ್ತಾರೆ? ಆರು ವರ್ಷದ ಕಾರಿನಲ್ಲಿ ಚಾಲಕನ ಬೆಲ್ಟು ಅಷ್ಟು ಹೊಸದರಂತೆ ಹೇಗಿತ್ತು, ಬುಡದ ಚೀಟಿಯಲ್ಲಿ ತಯಾರಾದ ವರ್ಷವಿರುತ್ತದೆ, ಅದನ್ನೇಕೆ ತಾನು ಓದಲಿಲ್ಲ? ನಂಬರು ಬೀದರದ್ದು ನಿಜ. ಆದರೆ ನಂಬರು ಬೀದರದ್ದಾದ ಮಾತ್ರಕ್ಕೆ ಆ ಅಕ್ಟೋಬರಿನಲ್ಲಿ ಕಾರು ಬೀದರದಲ್ಲಿಯೇ ಇತ್ತೆಂದು ಹೇಳಿದವರು ಯಾರು? ಅವರು ಕೇಳಿರಲಿಲ್ಲ. ಹುಮನಾಬಾದಿನ ಓಣಿಗಳ ಬಗ್ಗೆ ಗಂಟೆಗಟ್ಟಲೆ ಮಾತಾಡಿದ್ದರು, ಇದೊಂದನ್ನು ಕೇಳಿರಲಿಲ್ಲ.

ಇಷ್ಟಾದರೂ ಎಲ್ಲವೂ ಬರಿಯ ಅನುಮಾನ. ಕಾರು ಚೆನ್ನಾಗಿಯೇ ಇರಬಹುದು. ಆಗ, ಉಣ್ಣಿಸಿದ ಮನೆಯನ್ನು ಕಳ್ಳರ ಮನೆಯೆಂದು ಎಣಿಸಿದ ಹಾಗಾಗುತ್ತದೆ. ಇನ್ನೊಂದು ಕಡೆ, ಸೋಮವಾರ ಆ ಸೀಟಿನ ಮೇಲೆ ಇನ್ನೊಂದು ಸೀಟು ಬಿಗಿದು ಅದರಲ್ಲಿ ನಾಲ್ಕು ವರ್ಷದ ಮಗುವನ್ನು ಕೂರಿಸುತ್ತಾರೆ. ಅದನ್ನು ಹಿಡಿದಿಡುವುದು ತಾನು ಎಳೆದು ನೋಡದ ಬೆಲ್ಟು. ಡಿಪೋದಲ್ಲಿ ಒಂದು ಸಾಲು ಖಾಲಿಯಿದ್ದರೆ ಬಸ್ಸು ಗೇಟು ದಾಟುತ್ತಿರಲಿಲ್ಲ, ಎಷ್ಟೇ ಪ್ರಯಾಣಿಕರು ನಿಲ್ದಾಣದಲ್ಲಿ ಕೂಗಾಡುತ್ತಿರಲಿ.

ಶನಿವಾರ ಬೆಳಿಗ್ಗೆ ದೀಪ್ತಿಗೆ ಫೋನ್ ಮಾಡಿದರು.

"ನಿನ್ನಿ ನಾ ಹೇಳಿದ್ದು ಪೂರಾ ನೋಡಿ ಹೇಳಿದ್ದಲ್ರಿ. ಹಿಂದಿನ ಸೀಟ್ ಎತ್ತಿ ನೋಡಿಲ್ಲ."

 ದೀಪ್ತಿ ಕೇಳಿದರು.

"ಆ ಕಾರಿಗೆ ಬ್ಯಾರೆ ಗಿರಾಕಿ ಯಾರರ ಬಂದಾರೇನ್ರಿ ಕಾಕಾ?"

ಪ್ರಶ್ನೆ ನ್ಯಾಯವಾದದ್ದೇ ಎಂದು ಕಲ್ಯಾಣಪ್ಪನವರಿಗೆ ಅನ್ನಿಸಿತು. ಒಂದು ದಿನ ತೊಗೋರಿ ಎಂದವನು ಮರುದಿನ ತಡೀರಿ ಎಂದರೆ ಯಾರಾದರೂ ಹಾಗೆಯೇ ಕೇಳುತ್ತಾರೆ. ಊಟದ ವಿಷಯ, ಮುದುಕಿ ಕುಳಿತ ವಿಷಯ ಎಲ್ಲವನ್ನೂ ಬಿಡಿಸಿ ಹೇಳಿದರು. ತನ್ನ ಮಾತು ನಂಬಬೇಡಿರಿ, ನೀವೇ ಬಂದು ನಿಮ್ಮ ಕೈಯಿಂದಲೇ ಎಳೆದು ನೋಡಿರಿ, ಹೇಗೆ ಎಳೆಯಬೇಕೆಂದು ತೋರಿಸುತ್ತೇನೆ ಎಂದರು. ದೀಪ್ತಿ ಬರುತ್ತೇನೆಂದರು. ಮಗುವಿನ ಸೀಟನ್ನೂ ಜತೆಗೆ ತಂದರು.

ಮಧ್ಯಾಹ್ನ ಹನ್ನೆರಡಕ್ಕೆ ಇಬ್ಬರೂ ಬರ್ಕತ್‌ಪುರದ ಗೇಟಿನ ಮುಂದೆ ನಿಂತರು. ಚೇತನಕುಮಾರ ದೀಪ್ತಿಯನ್ನು ನಗುತ್ತಲೇ ಬರಮಾಡಿಕೊಂಡರು. ಬಂದ ಕಾರಣ ತಿಳಿದ ಮೇಲೆ ನಗು ಹಾಗೆಯೇ ಉಳಿಯಿತು, ದನಿ ಮಾತ್ರ ತಣ್ಣಗಾಯಿತು.

"ನಿನ್ನಿ ಉಣ್ಣೂಮಟ ಕಾರು ಛಲೋ ಇತ್ತು. ರೊಟ್ಟಿ ಕರಗೂದ್ರಾಗ ಕೆಟ್ಟತೇನ್ರಿ ಕಲ್ಯಾಣಪ್ಪನವ್ರ?"

ಕಲ್ಯಾಣಪ್ಪ ಜೇಬಿನಿಂದ ಟಾರ್ಚು ತೆಗೆದರು. ಅಷ್ಟರಲ್ಲಿ ಕೋಲಿನ ಸದ್ದು ಕೇಳಿಸಿತು. ಶರಣಬಸಮ್ಮ ಅಂಗಳಕ್ಕೆ ಇಳಿದು, ಬಂದವರನ್ನು ಮಾತಾಡಿಸಿ, ಯಾರೂ ಕೇಳದಿದ್ದರೂ ನೇರ ಕಾರಿನ ಹಿಂದಿನ ಬಾಗಿಲಿಗೆ ಹೋಗಿ ನಿನ್ನೆಯ ಜಾಗದಲ್ಲಿಯೇ ಕುಳಿತರು. ದೀಪ್ತಿ ಕಲ್ಯಾಣಪ್ಪನವರ ಮುಖ ನೋಡಿದರು. ಅವರು ಬಾಗಿಲ ಬಳಿ ಹೋಗಿ, ಕೈಯಲ್ಲಿದ್ದ ಟಾರ್ಚನ್ನು ಒಂದೆರಡು ಸಲ ಹಚ್ಚಿ ಆರಿಸಿ, ಆಮೇಲೆ ಹೇಳಿದರು.

"ಅವ್ವಾ, ಸ್ವಲ್ಪ ಕೆಳಗ ಇಳೀರಿ. ನಾ ಈ ಸೀಟ್ ಎತ್ತಬೇಕು."

ಶರಣಬಸಮ್ಮ ಅವರನ್ನು ನೋಡಲಿಲ್ಲ, ಮಗನನ್ನು ನೋಡಿದರು.

"ಇಳೀಲೇನಪಾ?"

ಚೇತನಕುಮಾರ ಫೋನ್ ನೋಡುತ್ತ ನಿಂತಿದ್ದರು. ಮುದುಕಿ ಕೊಂಚ ಕಾದು, ತಾವೇ ಬಾಗಿಲಿನ ಚೌಕಟ್ಟು ಹಿಡಿದು ಇಳಿದರು. ಇಳಿಯಲು ದೀಪ್ತಿ ಕೈ ಕೊಟ್ಟರು. ಆಕೆಗೆ ಎಲ್ಲ ಗೊತ್ತಿತ್ತೋ, ಮಗ ಕೂರು ಎಂದದ್ದಷ್ಟೇ ಗೊತ್ತಿತ್ತೋ, ಕಲ್ಯಾಣಪ್ಪನವರಿಗೆ ಇಂದಿಗೂ ತಿಳಿಯದು.

ಎಡಬದಿಯ ಬೆಲ್ಟನ್ನು ದೀಪ್ತಿಯೇ ಎಳೆದರು. ಎರಡು ಮೊಳದವರೆಗೆ ಕರಿಯ ಪಟ್ಟಿ ಮೆತ್ತಗೆ, ಶುದ್ಧವಾಗಿ ಬಂತು. ಇನ್ನೂ ಎಳೆಯಿರಿ ಎಂದರು ಕಲ್ಯಾಣಪ್ಪ. ಅಲ್ಲಿಂದ ಮುಂದೆ ಪಟ್ಟಿ ಬಿರುಸಾಯಿತು. ಅಡ್ಡಲಾಗಿ ಬೂದು ಬಣ್ಣದ ಗೆರೆ, ಉಗುರು ತಾಗಿಸಿದರೆ ಪುಡಿಯಾಗಿ ಉದುರುವ ಒಣಮಣ್ಣು. ಬೆಲ್ಟನ್ನು ಒಳಗೆ ಬಿಟ್ಟು, ಈಗ ಒಮ್ಮೆಲೇ ಜಗ್ಗಿರಿ ಎಂದರು. ಜಗ್ಗಿದರೆ ಬೆಲ್ಟು ಹಿಡಿದು ನಿಲ್ಲಬೇಕು. ಕಾರು ಡಿಕ್ಕಿ ಹೊಡೆದಾಗ ಕುಳಿತವರನ್ನು ಉಳಿಸುವುದು ಆ ಹಿಡಿತವೇ. ದೀಪ್ತಿ ಜಗ್ಗಿದರು, ಬೆಲ್ಟು ಸಲೀಸಾಗಿ ಬಂತು. ಮತ್ತೆ ಜಗ್ಗಿದರು, ಮತ್ತೆ ಬಂತು. ಮೂರನೆಯ ಸಲ ಕಾಲೂರಿ, ರೋಗಿಯ ಬಿಗಿದುಕೊಂಡ ಭುಜ ಬಿಡಿಸುವಂತೆ ಜೋರಾಗಿ ಜಗ್ಗಿದರು. ಸುರುಳಿಯೊಳಗೆ ಏನೋ ಕರಕರ ಎಂದಿತು, ಅಷ್ಟೆ. ಬಲಬದಿಯದು ಅರ್ಧಕ್ಕೆ ಸಿಕ್ಕಿಕೊಂಡು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಕಲ್ಯಾಣಪ್ಪ ಸೀಟು ಎತ್ತಿದರು. ಕೆಳಗಿನ ತಗಡಿನ ಗೀರುಗಳಲ್ಲಿ ಮಣ್ಣು ಕೂತು ಗಟ್ಟಿಯಾಗಿತ್ತು. ಬೋಲ್ಟುಗಳು ತುಕ್ಕು ಹಿಡಿದು ತಗಡಿಗೇ ಅಂಟಿದ್ದವು. ನೋಡಿ ಎನ್ನುವ ಅಗತ್ಯವಿರಲಿಲ್ಲ.

ಚೇತನಕುಮಾರ ಮೊದಲು ಕಾರು ತೊಳೆದಾಗಿನ ನೀರು ಎಂದರು. ಆಮೇಲೆ, ಅದು ನಾಲ್ಕು ವರ್ಷದ ಹಿಂದಿನ ಮಾತು, ಅಣ್ಣನ ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ ನಿಲ್ಲಿಸಿದ್ದಾಗ ನೀರು ಹೊಕ್ಕಿತ್ತು, ಎಂಜಿನ್ನಿಗೆ ಹನಿಯೂ ತಾಗಿಲ್ಲ ಎಂದರು. ಮುಂದಿನ ಬೆಲ್ಟು, ಕಾರ್ಪೆಟ್ಟು ಎಲ್ಲ ಹೊಸದು ಹಾಕಿಸಿದ್ದರು. ಹಿಂದಿನದಕ್ಕೆ ಕೈ ಹಚ್ಚಿರಲಿಲ್ಲ. ಅಂದಿನಿಂದ ಒಂದು ದಿನವೂ ಕಾರು ತೊಂದರೆ ಕೊಟ್ಟಿಲ್ಲ ಎಂಬುದನ್ನು ಎರಡು ಸಲ ಹೇಳಿದರು. ಬಹುಶಃ ಅದು ನಿಜವೂ ಇರಬಹುದು.

"ಈ ಊರಾಗ ಹಿಂದ ಕುಂತು ಬೆಲ್ಟ್ ಹಾಕ್ಕೊಳ್ಳೋರು ಯಾರದಾರ್ರಿ ಮೇಡಂ? ನೀವು ಹೊರದೇಶದಾಗ ಇದ್ದು ಬಂದವ್ರು, ನಿಮಗ ಎಲ್ಲಾ ದೊಡ್ಡದಾಗಿ ಕಾಣ್ತತಿ."

"ನನ್ನ ತಂಗಿ ಮಗಳು ಕೂಡ್ತಾಳ್ರಿ," ಎಂದರು ದೀಪ್ತಿ. ತಂದಿದ್ದ ಪುಟ್ಟ ಸೀಟನ್ನು ನೆಲದಿಂದ ಎತ್ತಿ ತೋಳಿಗೆ ಹಾಕಿಕೊಂಡರು.

ಶರಣಬಸಮ್ಮ ತುಳಸಿಕಟ್ಟೆಗೆ ಒರಗಿ ನಿಂತಿದ್ದರು. ಆಕೆಯೂ ನಾಲ್ಕು ವರ್ಷ ಅದೇ ಸೀಟಿನಲ್ಲಿ ಕುಳಿತು ಕಲಬುರಗಿಗೆ, ಬೀದರಕ್ಕೆ ಹೋಗಿ ಬಂದವರು. ಹೊರಡುವಾಗ ಕಲ್ಯಾಣಪ್ಪ ಚೇತನಕುಮಾರರಿಗೆ ಒಂದು ಮಾತು ಹೇಳಿದರು. ಕಾರು ಯಾರಿಗಾದರೂ ಮಾರಿಕೊಳ್ಳಿರಿ, ಅಲ್ಲಿಯವರೆಗೆ ಅವ್ವನನ್ನು ಕೂರಿಸುವುದಾದರೆ ಆ ಎರಡು ಬೆಲ್ಟು ಬದಲಿಸಿರಿ. ಚೇತನಕುಮಾರ ಗೇಟು ಹಾಕಿಕೊಂಡರು.

ಮುಖ್ಯ ರಸ್ತೆಯವರೆಗೆ ಇಬ್ಬರೂ ನಡೆದರು. ಆಟೋ ನಿಲ್ಲಿಸಿದ ಮೇಲೆ ದೀಪ್ತಿ ಒಳಗೆ ಕೂರದೆ, ಒಂದು ಕಾಲು ಹೊರಗಿಟ್ಟುಕೊಂಡು ಕೇಳಿದರು.

"ಹಿಂಗ ನಮ್ಮವ್ರು ಅಂತ ನೋಡದ ಬಿಟ್ಟಿದ್ದು ಇದೊಂದ ಏನ್ರಿ ಕಾಕಾ?"

"ಹೌದ್ರಿ."

"ನಿನ್ನಿ ಫೋನ್‌ನಾಗ ತೊಗೋರಿ ಅಂದ್ರಿ. ಆಗೂ ಇಷ್ಟ ಗಟ್ಟಿಯಾಗಿ ಅಂದಿದ್ರಿ."

ಆಟೋ ಹೋಯಿತು. ಕಲ್ಯಾಣಪ್ಪ ಮನೆಗೆ ನಡೆದೇ ಬಂದರು. ಒಂಬತ್ತು ವರ್ಷದ ಹಾಳೆಗಳು ಮಂಚದ ಕೆಳಗಿನ ಟ್ರಂಕಿನಲ್ಲಿವೆ. ಅವನ್ನೆಲ್ಲ ನೆಲದ ಮೇಲೆ ಹರಡಿದರು. ಒಂದರಲ್ಲಿಯೂ ಖಾಲಿ ಸಾಲಿರಲಿಲ್ಲ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಹಾಳೆ ತುಂಬುತ್ತಿದ್ದದ್ದು ಸಂಜೆ, ನೆನಪಿನಿಂದ. ನೋಡಿದ್ದೇನೆ ಎಂದುಕೊಂಡು ಗುರುತು ಹಾಕಿದ ಸಾಲುಗಳಲ್ಲಿ ನಿಜವಾಗಿ ನೋಡಿದ್ದು ಯಾವುದು, ಮಾರುವವರು ಕಲಬುರಗಿಯವರೋ ರಾಯಚೂರಿನವರೋ ಎಂದು ಖುಷಿಯಲ್ಲಿ ಮಾತಾಡುತ್ತ ದಾಟಿಹೋದದ್ದು ಯಾವುದು, ಈಗ ಬೇರ್ಪಡಿಸಲು ಸಾಧ್ಯವಿರಲಿಲ್ಲ. ಅವರು ಮಾಡಬಹುದಾದದ್ದು ಒಂದೇ. ಮಾರಿದವರು ಕನ್ನಡದವರಾಗಿದ್ದ ಹಾಳೆಗಳನ್ನು ಬೇರೆ ಇಟ್ಟರು. ಏಳು ಬಂದವು.

ದೀಪ್ತಿ ಬುಧವಾರ ಕಾರಿಲ್ಲದೆಯೇ ಮಸ್ಕತ್ತಿಗೆ ಹೋದರು. ಆಗಸ್ಟಿನ ಕೊನೆಯಲ್ಲಿ ಹರ್ಷದಾ ಕೊಂಡಾಪುರದಲ್ಲಿಯೇ ಒಂದು ಕಾರು ಗೊತ್ತುಮಾಡಿದರು. ನೋಡಲು ಕಲ್ಯಾಣಪ್ಪನವರನ್ನೇ ಕರೆದರು. ಆ ದಿನ ದೀಪ್ತಿ ಅಲ್ಲಿಂದ ವಿಡಿಯೋ ಕಾಲಿನಲ್ಲಿದ್ದು, ಐದೂ ಬೆಲ್ಟನ್ನು ಕ್ಯಾಮೆರಾದ ಮುಂದೆ ಕೊನೆಯವರೆಗೆ ಎಳೆಸಿದರು, ಒಂದೊಂದನ್ನು ಮೂರು ಸಲ ಜಗ್ಗಿಸಿದರು, ಬುಡದ ಚೀಟಿಯನ್ನು ಗಟ್ಟಿಯಾಗಿ ಓದಿಸಿದರು. ಕಲ್ಯಾಣಪ್ಪ ಹೇಳಿದ ಹಾಗೆ ಮಾಡಿದರು. ಹಾಳೆಯನ್ನು ಅಲ್ಲಿಯೇ, ಬಾನೆಟ್ಟಿನ ಮೇಲಿಟ್ಟುಕೊಂಡು ತುಂಬಿದರು. ಹರ್ಷದಾ ಈಗ ಆ ಕಾರಿನಲ್ಲಿ ಶಂಶಾಬಾದಿಗೆ ಹೋಗುತ್ತಾರೆ, ಹಿಂದೆ ಮಗು.

ಏಳರಲ್ಲಿ ನಾಲ್ಕು ಕಾರುಗಳನ್ನು ಕಲ್ಯಾಣಪ್ಪ ಮೊದಲೇ ಮತ್ತೆ ನೋಡಿ ಬಂದಿದ್ದರು. ಇದಕ್ಕೆ ಏನೂ ತೆಗೆದುಕೊಳ್ಳುವುದಿಲ್ಲ. ಮೂರು ಚೆನ್ನಾಗಿವೆ, ಒಂದರ ಮುಂದಿನ ಬದಿ ಎಂದೋ ಡಿಕ್ಕಿಯಾಗಿ ಕೂಡಿಸಿದ್ದು ಈಗ ಕಣ್ಣಿಗೆ ಬಿತ್ತು. ಅದನ್ನು ಮಾಲೀಕರಿಗೆ ಹೇಳಿ ಬೈಸಿಕೊಂಡು ಬಂದರು. ಎರಡು ಕಾರು ಬೇರೆಯವರ ಕೈಗೆ ಹೋಗಿ ಪತ್ತೆಯಿಲ್ಲ.

ಏಳನೆಯದು ಸುಲ್ತಾನ್ ಬಜಾರಿನ ಬಟ್ಟೆ ವ್ಯಾಪಾರಿ ಸೂಗಪ್ಪನವರದು. ಐದು ವರ್ಷದ ಹಿಂದೆ ಕಲ್ಯಾಣಪ್ಪನವರೇ ನೋಡಿ ಕೊಡಿಸಿದ್ದು. ಮೊನ್ನೆ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ, ಕಾರು ಇನ್ನೊಮ್ಮೆ ನೋಡಬೇಕು ಎಂದಾಗ ಸೂಗಪ್ಪ ಕೈಯಲ್ಲಿದ್ದ ಗಜಕೋಲನ್ನು ಕೆಳಗಿಟ್ಟರು.

"ಯಾಕ? ಯಾರರ ಕೇಳಾಕತ್ತಾರೇನು ನನ್ನ ಕಾರು?"

ಯಾರೂ ಕೇಳುತ್ತಿಲ್ಲ, ಅಂದು ತಾನು ಸರಿಯಾಗಿ ನೋಡಿದ್ದೆನೋ ಇಲ್ಲವೋ ಎಂದು ಅನುಮಾನ ಬಂದಿದೆ ಎಂದರು ಕಲ್ಯಾಣಪ್ಪ. ಐದು ವರ್ಷದ ಮೇಲೆ, ದುಡ್ಡು ಕೇಳದೆ, ತಾನಾಗಿ ಬಂದು ಇಂಥ ಮಾತು ಹೇಳುವ ಮೆಕ್ಯಾನಿಕ್ಕನ್ನು ಸೂಗಪ್ಪ ಕಂಡಿರಲಿಲ್ಲ. ಕಾರಿನ ಪಕ್ಕದಲ್ಲಿಯೇ ಕುರ್ಚಿ ಹಾಕಿಸಿಕೊಂಡು ಕುಳಿತರು. ಕಲ್ಯಾಣಪ್ಪ ಹಿಂದಿನ ಸೀಟು ಎತ್ತಿದರು, ನಾಲ್ಕು ಬೋಲ್ಟು ಒರೆಸಿ ನೋಡಿದರು, ಬೆಲ್ಟುಗಳನ್ನು ಎಳೆದು ಜಗ್ಗಿದರು. ಎಲ್ಲವೂ ಹಿಡಿದು ನಿಂತವು. ನಿಮ್ಮ ಕಾರಿಗೆ ಏನೂ ಆಗಿಲ್ಲ, ನಿಶ್ಚಿಂತೆಯಿಂದ ಓಡಿಸಿರಿ ಎಂದು ಕೈ ಒರೆಸಿಕೊಂಡು ಹೊರಟರು.

ಅವರು ಓಣಿಯ ತಿರುವು ದಾಟುವವರೆಗೆ ಸೂಗಪ್ಪ ನೋಡುತ್ತ ನಿಂತರು. ಆಮೇಲೆ ಫೋನ್ ತೆಗೆದು ತಮ್ಮ ಗುರುತಿನ ಇನ್ನೊಬ್ಬ ಮೆಕ್ಯಾನಿಕ್ಕನ್ನು ಕರೆದು, ಆ ಮನುಷ್ಯ ಸೀಟಿನ ಕೆಳಗೆ ಏನು ಮಾಡಿ ಹೋಗಿದ್ದಾನೋ ಬಂದು ನೋಡು ಎಂದರು.